ಶಿಶಿಕ್ಷುವೋ, ಟ್ರೈನಿಯೋ? ಶಾಲೆ ಬಿಟ್ಟ ಮೇಲಿನ ಮೊದಲ ದುಡಿಮೆಯ ಲೆಕ್ಕ

ಚಾಮರಾಜನಗರ: ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ ಫಲಿತಾಂಶಗಳು ಪ್ರಕಟವಾದ ಕೆಲವೇ ವಾರಗಳಲ್ಲಿ ಚಾಮರಾಜನಗರದಿಂದ ಮೈಸೂರಿಗೆ ಹೊರಡುವ ಮುಂಜಾನೆಯ ರೈಲಿನಲ್ಲಿಯೂ, ಗುಂಡ್ಲುಪೇಟೆಯಿಂದ ಬೇಗೂರು ಮಾರ್ಗವಾಗಿ ನಂಜನಗೂಡಿಗೆ ಸಾಗುವ ಬಸ್ಸುಗಳಲ್ಲಿಯೂ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಕೈಯಲ್ಲಿ ಊಟದ ಡಬ್ಬಿ, ಅಂಕಪಟ್ಟಿಯ ಜೆರಾಕ್ಸ್ ಪ್ರತಿಗಳನ್ನು ಇಟ್ಟುಕೊಂಡ ಪ್ಲಾಸ್ಟಿಕ್ ಕವರು. ಏನು ಕೆಲಸ ಎಂದು ಕೇಳಿದರೆ ಹೆಚ್ಚಿನವರಿಂದ ಬರುವ ಉತ್ತರ ಒಂದೇ: 'ಟ್ರೈನಿಂಗ್'.

ಈ ಒಂದು ಪದದೊಳಗೆ ಕಾನೂನಿನ ದೃಷ್ಟಿಯಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಹಲವು ಸ್ಥಿತಿಗಳು ಅಡಗಿವೆ. ಒಬ್ಬನು ಕೇಂದ್ರ ಕಾಯ್ದೆಯಡಿ ಕರಾರು ನೋಂದಾಯಿಸಿಕೊಂಡ ಅಪ್ರೆಂಟಿಸ್ ಆಗಿರಬಹುದು. ಅವನ ಪಕ್ಕದಲ್ಲಿ ಅದೇ ಯಂತ್ರದ ಮುಂದೆ ನಿಂತ ಇನ್ನೊಬ್ಬನು ಕಂಪನಿಯ ಕಾಗದದಲ್ಲಿ ಕೇವಲ 'ಟ್ರೈನಿ' ಆಗಿರಬಹುದು. ಮೂರನೆಯವನು ಸರ್ಕಾರಿ ಸ್ವಾಮ್ಯದ ಸಂಸ್ಥೆಯೊಂದಕ್ಕೆ ನೇಮಕಗೊಂಡು ತರಬೇತಿಯ ಅವಧಿ ಪೂರೈಸುತ್ತಿರಬಹುದು. ಮೂವರ ಕೈಗೂ ಸಿಗುವ ಹಣ ಕಡಿಮೆಯೇ. ಆದರೆ ವರ್ಷ ಕಳೆದ ಮೇಲೆ ಯಾರ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು ಮೊದಲ ದಿನ ಸಹಿ ಮಾಡಿದ ಕಾಗದವನ್ನು ಅವಲಂಬಿಸಿದೆ. ಆ ಕಾಗದವನ್ನು ಓದಿ ಸಹಿ ಹಾಕುವವರು ವಿರಳ.

ಪದದಿಂದಲೇ ತೊಡಕು

ಸರ್ಕಾರಿ ಪ್ರಕಟಣೆಗಳಲ್ಲಿ ಅಪ್ರೆಂಟಿಸ್ ಎಂಬುದಕ್ಕೆ 'ಶಿಶಿಕ್ಷು' ಎಂಬ ಪದ ಬಳಕೆಯಲ್ಲಿದೆ. ಸಾರಿಗೆ ನಿಗಮದ ವಿಭಾಗ ಕಚೇರಿಗಳು, ವಿದ್ಯುತ್ ಸರಬರಾಜು ನಿಗಮಗಳು ಹೊರಡಿಸುವ 'ಶಿಶಿಕ್ಷು ತರಬೇತಿಗೆ ಅರ್ಜಿ ಆಹ್ವಾನ' ಎಂಬ ಪ್ರಕಟಣೆಯನ್ನು ಕಂಡು, ಅದು ಶಿಶುವಿಹಾರಕ್ಕೆ ಸಂಬಂಧಿಸಿದ್ದಿರಬೇಕೆಂದು ಪುಟ ತಿರುವಿದವರೂ ಇದ್ದರೆ ಆಶ್ಚರ್ಯವಿಲ್ಲ. ಹಳ್ಳಿಯಲ್ಲಿ ಯಾರೂ ಆಡದ ಪದವೊಂದನ್ನು ಹಳ್ಳಿಯ ಹುಡುಗರಿಗಾಗಿಯೇ ಇರುವ ಪ್ರಕಟಣೆಯ ತಲೆಬರಹವಾಗಿಸುವುದು ಎಷ್ಟು ಸರಿ ಎಂಬುದನ್ನು ಸಂಬಂಧಪಟ್ಟವರು ಯೋಚಿಸಬೇಕು. ಈ ಲೇಖನದಲ್ಲಿ ಅಪ್ರೆಂಟಿಸ್ ಎಂಬ ರೂಢಿಯ ಪದವನ್ನೇ ಬಳಸಲಾಗಿದೆ.

ಅಪ್ರೆಂಟಿಸ್ ಕಾಯ್ದೆಯು 1961ರಲ್ಲಿ ಸಂಸತ್ತಿನ ಅಂಗೀಕಾರ ಪಡೆದು 1962ರ ಮಾರ್ಚ್ 1ರಂದು ಜಾರಿಗೆ ಬಂದಿತು. ಆರಂಭದಲ್ಲಿ ಇದು ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಮೊದಲಾದ ಕಸುಬುಗಳಿಗೆ ಸೀಮಿತವಾಗಿತ್ತು. 1973ರ ತಿದ್ದುಪಡಿಯ ಮೂಲಕ ಎಂಜಿನಿಯರಿಂಗ್ ಪದವೀಧರರು ಮತ್ತು ಡಿಪ್ಲೊಮಾ ಪಡೆದವರು, 1986ರ ತಿದ್ದುಪಡಿಯ ಮೂಲಕ ಪಿಯುಸಿ ಹಂತದ ವೃತ್ತಿಶಿಕ್ಷಣ ಪಡೆದವರು ಇದರ ವ್ಯಾಪ್ತಿಗೆ ಬಂದರು. ಕರ್ನಾಟಕದಲ್ಲಿ 'ಜೆಒಸಿ' ಎಂದೇ ಹೆಸರಾಗಿದ್ದ ಉದ್ಯೋಗ ಆಧಾರಿತ ಕೋರ್ಸ್‌ಗಳ ವಿದ್ಯಾರ್ಥಿಗಳಿಗೆ ಈ ಎರಡನೆಯ ತಿದ್ದುಪಡಿಯಿಂದ ದಾರಿ ತೆರೆದಿತ್ತು. ಆ ಕೋರ್ಸ್‌ಗಳು ಈಗಿಲ್ಲ.

ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಆಗಲು ಕನಿಷ್ಠ ವಯಸ್ಸು 14. ಅಪಾಯಕಾರಿ ಕೈಗಾರಿಕೆಗಳಲ್ಲಿ 18. ಅಭ್ಯರ್ಥಿಯು ಅಪ್ರಾಪ್ತ ವಯಸ್ಕನಾಗಿದ್ದರೆ ಕರಾರಿಗೆ ತಂದೆ, ತಾಯಿ ಅಥವಾ ಪೋಷಕರು ಸಹಿ ಮಾಡಬೇಕು. ಐಟಿಐ ಮುಗಿಸಿದವರಿಗೆ ಸಾಮಾನ್ಯವಾಗಿ ಒಂದು ವರ್ಷದ ತರಬೇತಿ ಇರುತ್ತದೆ. ಎಸ್ಸೆಸ್ಸೆಲ್ಸಿಯಿಂದ ನೇರವಾಗಿ ಸೇರಿದವರಿಗೆ ಅವಧಿ ಹೆಚ್ಚು. ಕಾಯ್ದೆಯು ಯಾವ ಸಂಸ್ಥೆಗೆ ಅನ್ವಯಿಸುತ್ತದೆ ಎಂಬುದು 2019ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾದ ನಿಯಮಗಳಿಂದ ಸ್ಪಷ್ಟಗೊಂಡಿತು. ಗುತ್ತಿಗೆ ನೌಕರರೂ ಸೇರಿದಂತೆ 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಸಂಸ್ಥೆಯು ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 400 ಜನರಿರುವ ಕಾರ್ಖಾನೆಯಲ್ಲಿ ಕನಿಷ್ಠ 10, ಗರಿಷ್ಠ 60 ಅಪ್ರೆಂಟಿಸ್‌ಗಳಿರಬೇಕು ಎಂದರ್ಥ. ನಾಲ್ಕರಿಂದ 29 ಮಂದಿ ಇರುವ ಸಂಸ್ಥೆಗಳಿಗೆ ಇದು ಐಚ್ಛಿಕ.

ಕೂಲಿಗಿಂತ ಕಡಿಮೆ

ಶಿಷ್ಯವೇತನ ಅಥವಾ ಸ್ಟೈಪೆಂಡ್ ಎಷ್ಟು ಎಂಬುದೇ ಪೋಷಕರ ಮೊದಲ ಪ್ರಶ್ನೆ. 2014ರ ಬಳಿಕ ಕೆಲವು ವರ್ಷ ಇದು ಅರೆಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕೆ ತಳಕು ಹಾಕಿಕೊಂಡಿತ್ತು. ಮೊದಲ ವರ್ಷ ಆ ವೇತನದ ಶೇ 70, ಎರಡನೆಯ ವರ್ಷ ಶೇ 80, ನಂತರ ಶೇ 90. 2019ರ ನಿಯಮಗಳು ಈ ಕೊಂಡಿಯನ್ನು ಕಳಚಿ ನಿಗದಿತ ಮೊತ್ತಗಳನ್ನು ಗೊತ್ತುಪಡಿಸಿದವು. ಅದರಂತೆ 5ರಿಂದ 9ನೇ ತರಗತಿವರೆಗೆ ಓದಿದವರಿಗೆ ತಿಂಗಳಿಗೆ ಕನಿಷ್ಠ 5,000 ರೂ., ಎಸ್ಸೆಸ್ಸೆಲ್ಸಿ ಉತ್ತೀರ್ಣರಾದವರಿಗೆ 6,000 ರೂ., ಪಿಯುಸಿ ಅಥವಾ ಐಟಿಐ ಪ್ರಮಾಣಪತ್ರ ಉಳ್ಳವರಿಗೆ 7,000 ರೂ., ಡಿಪ್ಲೊಮಾ ಪಡೆದವರಿಗೆ 8,000 ರೂ., ಪದವೀಧರರಿಗೆ 9,000 ರೂ. ಎರಡನೆಯ ವರ್ಷ ಶೇ 10, ಮೂರನೆಯ ವರ್ಷ ಶೇ 15ರಷ್ಟು ಏರಿಕೆ. ಇವು ಕನಿಷ್ಠ ಮೊತ್ತಗಳು. ಹೆಚ್ಚು ಕೊಡಲು ಅಡ್ಡಿಯಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿಯು ಇವುಗಳನ್ನು ಶೇ 36ರಷ್ಟು ಹೆಚ್ಚಿಸಿ 6,800 ರೂ.ಗಳಿಂದ 12,300 ರೂ.ಗಳವರೆಗೆ ಗೊತ್ತುಪಡಿಸಲು ಶಿಫಾರಸು ಮಾಡಿತು. ಕರಾರಿಗೆ ಸಹಿ ಮಾಡುವ ದಿನ ಯಾವ ದರ ಜಾರಿಯಲ್ಲಿದೆ ಎಂಬುದನ್ನು ಅಪ್ರೆಂಟಿಸ್‌ಶಿಪ್ ಇಂಡಿಯಾ ಜಾಲತಾಣದಲ್ಲಿ ನೋಡಿಕೊಳ್ಳುವುದು ಒಳಿತು.

2019ರ ದರವನ್ನು ದಿನದ ಲೆಕ್ಕಕ್ಕೆ ಇಳಿಸಿ ನೋಡಬೇಕು. ತಿಂಗಳಿಗೆ 26 ದಿನ ಹಿಡಿದರೆ ಎಸ್ಸೆಸ್ಸೆಲ್ಸಿ ಪಾಸಾದ ಅಪ್ರೆಂಟಿಸ್‌ಗೆ ದಿನಕ್ಕೆ ಸುಮಾರು 231 ರೂ., ಐಟಿಐ ಮುಗಿಸಿದವನಿಗೆ 269 ರೂ. ಬೀಳುತ್ತದೆ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ಕೂಲಿ ದಿನಕ್ಕೆ 370 ರೂ. ಎಂದು ನಿಗದಿಯಾಗಿತ್ತು. ಅದೇ 26 ದಿನಕ್ಕೆ ಗುಣಿಸಿದರೆ 9,620 ರೂ. ಅಂದರೆ ಕೆರೆಯ ಹೂಳೆತ್ತುವ ಕೆಲಸಕ್ಕೆ ಸರ್ಕಾರವೇ ಗೊತ್ತುಪಡಿಸಿದ ದರವು ಪದವೀಧರ ಅಪ್ರೆಂಟಿಸ್‌ನ ಕನಿಷ್ಠ ಶಿಷ್ಯವೇತನಕ್ಕಿಂತಲೂ ಮೇಲೆ. ಖಾತರಿ ಕೆಲಸ ವರ್ಷಕ್ಕೆ ಒಂದು ಕುಟುಂಬಕ್ಕೆ ನೂರು ದಿನ ಮಾತ್ರವಿತ್ತು ಎಂಬುದು ನಿಜ. ಆದರೂ ಗುಂಡ್ಲುಪೇಟೆ ತಾಲ್ಲೂಕಿನ ರೈತ ಕುಟುಂಬವೊಂದು ಮಗನನ್ನು ತರಬೇತಿಗೆ ಕಳುಹಿಸಬೇಕೋ, ಚೆಂಡುಹೂವು, ಈರುಳ್ಳಿ, ಅರಿಸಿನದ ಹೊಲದಲ್ಲಿ ಉಳಿಸಿಕೊಳ್ಳಬೇಕೋ, ಗಡಿ ದಾಟಿಸಿ ವಯನಾಡಿನ ಕೂಲಿಗೆ ಕಳುಹಿಸಬೇಕೋ ಎಂದು ತೂಗಿ ನೋಡುವಾಗ ಮನಸ್ಸಿನಲ್ಲಿ ಮಾಡುವ ಲೆಕ್ಕ ಇದೇ.

ಅದಕ್ಕೆ ದೂರವೂ ಸೇರುತ್ತದೆ. ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಮೈಸೂರು ಸುಮಾರು 60 ಕಿ.ಮೀ. ದಿನವೂ ಓಡಾಡಿದರೆ ಬಸ್ ಚಾರ್ಜು, ಉಳಿದುಕೊಂಡರೆ ಕೊಠಡಿ ಬಾಡಿಗೆ ಮತ್ತು ಊಟ. ಆರು-ಏಳು ಸಾವಿರದಲ್ಲಿ ಇವೆರಡೂ ಕಳೆದ ಮೇಲೆ ಮನೆಗೆ ಕಳುಹಿಸಲು ಏನೂ ಉಳಿಯದು. ಹೀಗಾಗಿ ಮೊದಲ ವರ್ಷದ ತರಬೇತಿಗೆ ನಿಜವಾದ ಹಣ ಹೂಡುವವರು ಕಂಪನಿಯೂ ಅಲ್ಲ, ಸರ್ಕಾರವೂ ಅಲ್ಲ, ಹುಡುಗನ ಮನೆಯವರು ಎಂದರೆ ತಪ್ಪಾಗಲಾರದು. ಈ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ಒಂದು ಅನುಕೂಲ ಒದಗಿತು. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ನಂಜನಗೂಡು, ಮೈಸೂರಿಗೆ ನಿತ್ಯ ಹೋಗಿಬರುವ ಹುಡುಗಿಯ ಪಾಲಿಗೆ ಇದು ಶಿಷ್ಯವೇತನ ಏರಿಕೆಯಾದಂತೆಯೇ ಸರಿ.

ಶಿಷ್ಯವೇತನದಲ್ಲಿ ಸರ್ಕಾರದ ಪಾಲೂ ಇದೆ. 2016ರ ಆಗಸ್ಟ್ 19ರಂದು ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಕೇಂದ್ರವು ನಿಗದಿತ ಶಿಷ್ಯವೇತನದ ಶೇ 25ರಷ್ಟನ್ನು, ಗರಿಷ್ಠ 1,500 ರೂ.ಗಳ ಮಿತಿಯಲ್ಲಿ ಭರಿಸುತ್ತದೆ. ಮೊದಲು ಈ ಹಣ ಮಾಲೀಕರಿಗೆ ಮರುಪಾವತಿಯಾಗುತ್ತಿತ್ತು. 2023ರ ಆಗಸ್ಟ್‌ನಿಂದ ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೇ ನೇರ ಜಮೆಯ ವ್ಯವಸ್ಥೆ ಬಂದಿತು. ಆದ್ದರಿಂದ 7,000 ರೂ. ಎಂದು ಕರಾರಿನಲ್ಲಿದ್ದು ಕಂಪನಿಯಿಂದ 5,500 ರೂ. ಮಾತ್ರ ಬಂದರೆ ಮೋಸವಾಯಿತೆಂದು ಗಾಬರಿಯಾಗಬೇಕಿಲ್ಲ; ಉಳಿದ 1,500 ರೂ. ಬೇರೆಯಾಗಿ ಬರಬೇಕು. ಆದರೆ ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಆ ಪಾಲು ಬರುವುದಿಲ್ಲ. ಡಿಪ್ಲೊಮಾ ಹಾಗೂ ಪದವೀಧರ ಅಪ್ರೆಂಟಿಸ್‌ಗಳ ವ್ಯವಹಾರ ಬೇರೆ. ದಕ್ಷಿಣದ ರಾಜ್ಯಗಳಿಗೆ ಅದನ್ನು ಚೆನ್ನೈನಲ್ಲಿರುವ ದಕ್ಷಿಣ ವಲಯ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ ನೋಡಿಕೊಳ್ಳುತ್ತದೆ.

'ಕಾರ್ಮಿಕನಲ್ಲ'

ಅಪ್ರೆಂಟಿಸ್ ಕಾಯ್ದೆಯಲ್ಲಿ ಅತಿ ಹೆಚ್ಚು ಪರಿಣಾಮ ಬೀರುವ ವಾಕ್ಯ 18ನೇ ಕಲಮಿನಲ್ಲಿದೆ. ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ ಎಂಬುದು ಅದರ ಸಾರ. ಕನಿಷ್ಠ ವೇತನ, ಭವಿಷ್ಯನಿಧಿ, ಬೋನಸ್ ಯಾವುದೂ ಅವನದಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿಯೂ ಅಪ್ರೆಂಟಿಸ್ ಅನ್ನು 'ಕಾರ್ಮಿಕ' ಎಂಬ ವ್ಯಾಖ್ಯೆಯಿಂದ ಹೊರಗಿಡಲಾಗಿದೆ.

ಹೀಗೆ ಕಿತ್ತುಕೊಂಡದ್ದಕ್ಕೆ ಪ್ರತಿಯಾಗಿ ಕಾಯ್ದೆ ಕೆಲವನ್ನು ಕೊಟ್ಟಿದೆ. ಕಾರ್ಖಾನೆಯ ಆರೋಗ್ಯ, ಸುರಕ್ಷತೆ, ಕ್ಷೇಮದ ನಿಯಮಗಳು ಅಪ್ರೆಂಟಿಸ್‌ಗೂ ಅನ್ವಯ. ತರಬೇತಿಯ ವೇಳೆ ಗಾಯವಾದರೆ ಮಾಲೀಕರು ಪರಿಹಾರ ನೀಡಬೇಕು. ತರಬೇತಿಗೆ ಸಂಬಂಧವಿಲ್ಲದ ಕೆಲಸ ಮಾಡಿಸುವುದು, ಅನುಮತಿಯಿಲ್ಲದೆ ಓವರ್‌ಟೈಂ ಮಾಡಿಸುವುದು, ತುಂಡಿನ ಲೆಕ್ಕದಲ್ಲಿ ಹಣ ಕೊಡುವುದು, ಉತ್ಪಾದನಾ ಬೋನಸ್‌ನ ಆಸೆ ತೋರಿಸಿ ದುಡಿಸುವುದು ಇವೆಲ್ಲವೂ ದಂಡಾರ್ಹ. ಆದರೆ 2014ರ ತಿದ್ದುಪಡಿ ಈ ರಕ್ಷಣೆಯನ್ನು ಸಾಕಷ್ಟು ಸಡಿಲಗೊಳಿಸಿತು. ಅದಕ್ಕೆ ಮೊದಲು ವಾರದ ತರಬೇತಿಯ ಅವಧಿಗೆ ನಿಯಮದಲ್ಲಿಯೇ ಮಿತಿಯಿತ್ತು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅನುಮತಿಯಿಲ್ಲದೆ ತರಬೇತಿ ನೀಡುವಂತಿರಲಿಲ್ಲ. ತಿದ್ದುಪಡಿಯ ನಂತರ ದಿನದ ಹಾಗೂ ವಾರದ ಅವಧಿಯನ್ನು ಮಾಲೀಕರೇ ಗೊತ್ತುಪಡಿಸಬಹುದು. ಕಾಯ್ದೆ ಉಲ್ಲಂಘಿಸಿದ ಮಾಲೀಕರಿಗೆ ಮೊದಲು ಆರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿತ್ತು; ಈಗ ಉಳಿದಿರುವುದು ದಂಡ ಮಾತ್ರ. ತೆಗೆದುಕೊಳ್ಳಬೇಕಾದ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳದಿದ್ದರೆ ಮೊದಲ ಮೂರು ತಿಂಗಳು ಒಬ್ಬರಿಗೆ ತಿಂಗಳಿಗೆ 500 ರೂ., ಅನಂತರ 1,000 ರೂ. ಅಪ್ರೆಂಟಿಸ್ ಒಬ್ಬನಿಗೆ ಕೊಡಬೇಕಾದ ಶಿಷ್ಯವೇತನಕ್ಕಿಂತ ಈ ದಂಡ ಎಷ್ಟೋ ಅಗ್ಗ ಎಂಬುದನ್ನು ಲೆಕ್ಕ ಬಲ್ಲ ಯಾವ ಮಾಲೀಕನಿಗೂ ಹೇಳಿಕೊಡಬೇಕಿಲ್ಲ.

ಕಾಯ್ದೆಯಡಿ ನೋಂದಣಿಯಾಗದ 'ಟ್ರೈನಿ'ಯ ಸ್ಥಿತಿ ಇದಕ್ಕಿಂತ ಮಸುಕು. ಈ ಕುರಿತ ಪ್ರಮುಖ ತೀರ್ಪು ಕರ್ನಾಟಕದ್ದೇ ಪ್ರಕರಣದಿಂದ ಬಂದಿದೆ. ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುವ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ತರಬೇತಿಗೆ ತೆಗೆದುಕೊಂಡಿದ್ದ ಯುವಕರಿಗೆ ಶಿಷ್ಯವೇತನ ನೀಡುತ್ತಿತ್ತು. ಇವರಿಗೂ ಭವಿಷ್ಯನಿಧಿ ವಂತಿಗೆ ಕಟ್ಟಬೇಕೆಂದು ಮಂಗಳೂರಿನ ಪ್ರಾದೇಶಿಕ ಭವಿಷ್ಯನಿಧಿ ಆಯುಕ್ತರು ಆದೇಶಿಸಿದ್ದರು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2006ರಲ್ಲಿ ಸಂಸ್ಥೆಯ ಪರವಾಗಿ ತೀರ್ಪಾಯಿತು. ಸ್ಥಾಯಿ ಆದೇಶಗಳಡಿ ತರಬೇತಿ ಪಡೆಯುವವರೂ ಅಪ್ರೆಂಟಿಸ್‌ಗಳೇ, ಭವಿಷ್ಯನಿಧಿ ಕಾಯ್ದೆಯ ಅರ್ಥದಲ್ಲಿ ಉದ್ಯೋಗಿಗಳಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ಆಗಿನ ಭವಿಷ್ಯನಿಧಿ ಕಾಯ್ದೆಯ ವ್ಯಾಖ್ಯೆಯಲ್ಲಿಯೇ ಅಂತಹ ವಿನಾಯಿತಿಯಿತ್ತು. ಈಗ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆಯ 'ಉದ್ಯೋಗಿ' ಎಂಬ ವ್ಯಾಖ್ಯೆಯಾದರೋ 1961ರ ಕಾಯ್ದೆಯಡಿ ತೆಗೆದುಕೊಂಡ ಅಪ್ರೆಂಟಿಸ್ ಅನ್ನು ಹೊರಗಿಡುತ್ತದೆ. ಸ್ಥಾಯಿ ಆದೇಶದ ಟ್ರೈನಿಯ ಹೆಸರೆತ್ತುವುದಿಲ್ಲ. ಈ ವ್ಯತ್ಯಾಸದ ಅರ್ಥವನ್ನು ಮುಂದೆ ನ್ಯಾಯಾಲಯಗಳೇ ಬಿಡಿಸಿ ಹೇಳಬೇಕಾಗಬಹುದು.

ನೋಂದಾಯಿತ ಅಪ್ರೆಂಟಿಸ್‌ಗೂ ಈ ಟ್ರೈನಿಗೂ ಇರುವ ಮುಖ್ಯ ಅಂತರ ಅವಧಿಯ ಕೊನೆಯಲ್ಲಿ ಗೋಚರಿಸುತ್ತದೆ. ಮೊದಲನೆಯವನು ಅಖಿಲ ಭಾರತ ಮಟ್ಟದ ವೃತ್ತಿ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಪಡೆಯುತ್ತಾನೆ. ಎರಡನೆಯವನಿಗೆ ಸಿಗುವುದು ಹೆಚ್ಚೆಂದರೆ ಕಂಪನಿಯ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲಿನ ಅನುಭವ ಪತ್ರ. ಎರಡನೆಯ ಕಾರ್ಖಾನೆಗೆ ಹೋದಾಗ ಅವನು ಮತ್ತೆ 'ಟ್ರೈನಿ'ಯಾಗಿಯೇ ಆರಂಭಿಸಬೇಕಾಗುತ್ತದೆ. ಮೂರು ಕಡೆ ಮೂರು ವರ್ಷ ತರಬೇತಿ ಪಡೆದೂ ಕೆಲಸ ಕಲಿತವನೆಂದು ಎಲ್ಲಿಯೂ ದಾಖಲಾಗದೆ ಉಳಿಯುವ ಯುವಕರು ಹುಟ್ಟಿಕೊಳ್ಳುವುದು ಹೀಗೆಯೇ.

ಕಲಿತ ಮೇಲೆ ಕೆಲಸವೇ?

ಅಪ್ರೆಂಟಿಸ್ ಅವಧಿ ಮುಗಿದ ಕೂಡಲೇ ಅದೇ ಸಂಸ್ಥೆಯಲ್ಲಿ ನೌಕರಿ ಸಿಗುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಈಗಲೂ ಬಲವಾಗಿದೆ. ಕಾಯ್ದೆಯ 22ನೇ ಕಲಂ ಇಂತಹ ಭರವಸೆ ನೀಡುವುದಿಲ್ಲ. ಅಪ್ರೆಂಟಿಸ್‌ಗಳ ನೇಮಕಾತಿಗೆ ಪ್ರತಿ ಮಾಲೀಕರೂ ತಮ್ಮದೇ ನೀತಿ ರೂಪಿಸಿಕೊಳ್ಳಬೇಕು ಎಂದಷ್ಟೇ ಅದು 2014ರಿಂದ ಹೇಳುತ್ತದೆ. ತರಬೇತಿಯ ನಂತರ ಇಲ್ಲಿಯೇ ಕೆಲಸ ಮಾಡಬೇಕೆಂಬ ಷರತ್ತು ಕರಾರಿನಲ್ಲಿಯೇ ಇದ್ದರೆ ಮಾತ್ರ ಮಾಲೀಕರು ಸೂಕ್ತ ಕೆಲಸ ಕೊಡಲು ಬದ್ಧರು. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ನೀಡಿದ ತೀರ್ಪು ಇಲ್ಲಿ ಸ್ಮರಣೀಯ. ಉಳಿದೆಲ್ಲ ಅರ್ಹತೆಗಳು ಸಮಾನವಾಗಿರುವಾಗ ಹೊರಗಿನ ಅಭ್ಯರ್ಥಿಗಿಂತ ತರಬೇತಿ ಹೊಂದಿದ ಅಪ್ರೆಂಟಿಸ್‌ಗೆ ಆದ್ಯತೆ ನೀಡಬೇಕು, ಉದ್ಯೋಗ ವಿನಿಮಯ ಕಚೇರಿಯ ಮೂಲಕವೇ ಹೆಸರು ಬರಬೇಕೆಂದು ಒತ್ತಾಯಿಸಬಾರದು ಎಂದು ನ್ಯಾಯಾಲಯ ಹೇಳಿತು. ಆದ್ಯತೆ ಎಂದರೆ ಹಕ್ಕಲ್ಲ. ಆದರೂ ಸರ್ಕಾರಿ ಸ್ವಾಮ್ಯದ ಸಂಸ್ಥೆಗಳ ನೇಮಕಾತಿಯಲ್ಲಿ ಅಪ್ರೆಂಟಿಸ್‌ಗಳು ಹಿಡಿದುಕೊಳ್ಳುವ ಊರುಗೋಲು ಇದೇ.

ಇದಕ್ಕಿಂತ ಗಟ್ಟಿಯಾದ ಬಾಗಿಲು ರೈಲ್ವೆಯಲ್ಲಿದೆ. ರೈಲ್ವೆ ಘಟಕಗಳಲ್ಲಿ ಅಪ್ರೆಂಟಿಸ್ ತರಬೇತಿ ಪೂರೈಸಿದವರಿಗೆ ಲೆವೆಲ್ ಒಂದರ ಹುದ್ದೆಗಳ ನೇಮಕಾತಿಯಲ್ಲಿ ಶೇ 20ರಷ್ಟು ಸ್ಥಾನಗಳನ್ನು ಮೀಸಲಿಡಲಾಗುತ್ತದೆ. ಚಾಮರಾಜನಗರದ ರೈಲು ಮೈಸೂರು ಸೇರುವ ಮೊದಲು ಹಾದುಹೋಗುವ ಅಶೋಕಪುರಂನಲ್ಲಿಯೇ ರೈಲ್ವೆಯ ಕಾರ್ಯಾಗಾರವಿದೆ. ಅದರ ಗೋಡೆಯನ್ನು ಕಿಟಕಿಯಿಂದ ದಿನವೂ ನೋಡುತ್ತ ಮುಂದಿನ ನಿಲ್ದಾಣಕ್ಕೆ ಸಾಗುವ ಐಟಿಐ ಹುಡುಗರಿಗೆ ಈ ಮೀಸಲಿನ ವಿಷಯ ತಿಳಿದಿರಬೇಕಾದುದು ಅಗತ್ಯ.

ನೇಮಕವಾದ ಮೇಲಿನ 'ತರಬೇತಿ' ಇನ್ನೊಂದು ಬಗೆ. 2024ರ ಅಕ್ಟೋಬರ್‌ನಲ್ಲಿ ಕೆಪಿಟಿಸಿಎಲ್ ಮತ್ತು ವಿದ್ಯುತ್ ಸರಬರಾಜು ಕಂಪನಿಗಳು ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಆಹ್ವಾನಿಸಿದಾಗ ಎಸ್ಸೆಸ್ಸೆಲ್ಸಿಯೇ ವಿದ್ಯಾರ್ಹತೆಯಾಗಿತ್ತು. ಎಂಟು ಮೀಟರ್ ಎತ್ತರದ ವಿದ್ಯುತ್ ಕಂಬ ಹತ್ತುವುದೂ ಸೇರಿದಂತೆ ದೇಹದಾರ್ಢ್ಯ ಪರೀಕ್ಷೆಗಳಿದ್ದವು. ಆಯ್ಕೆಯಾದವರಿಗೆ ಮೊದಲ ವರ್ಷ ತಿಂಗಳಿಗೆ 17,000, ಎರಡನೆಯ ವರ್ಷ 19,000, ಮೂರನೆಯ ವರ್ಷ 21,000 ರೂ. ಸಂಚಿತ ವೇತನ ಎಂದು ತಿಳಿಸಲಾಗಿತ್ತು. ಸಾಮಾನ್ಯ ವೇತನ ಶ್ರೇಣಿಗಿಂತ ಇದು ಕಡಿಮೆ, ಆದರೆ ಕೊನೆಯಲ್ಲಿ ಹುದ್ದೆಯಿದೆ. ಇಲ್ಲಿಯೂ ತರಬೇತಿಯ ಅವಧಿ ತೀರಾ ಸುರಕ್ಷಿತವೆಂದು ಭಾವಿಸಲಾಗದು. 2021ರ ಏಪ್ರಿಲ್‌ನ ಸಾರಿಗೆ ಮುಷ್ಕರದ ವೇಳೆ ಬಿಎಂಟಿಸಿ ವಜಾ ಮಾಡಿದವರಲ್ಲಿ ತರಬೇತಿಯಲ್ಲಿದ್ದ ನೌಕರರೂ ಇದ್ದರು.

ಎಲ್ಲಿ ಅವಕಾಶ?

ಚಾಮರಾಜನಗರವು 1997ರ ಆಗಸ್ಟ್ 15ರಂದು ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತಾದರೂ ಕೈಗಾರಿಕೆಗಳು ಬಹುಕಾಲ ನಂಜನಗೂಡಿನಿಂದ ಈಚೆಗೆ ಬರಲಿಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 10,20,791. ಸಾಕ್ಷರತೆ ಶೇ 61.43. ಕರಿಕಲ್ಲಿನ ಗಣಿ, ರೇಷ್ಮೆ, ಕುಂತೂರಿನ ಸಕ್ಕರೆ ಕಾರ್ಖಾನೆ ಇಷ್ಟೇ ಹೇಳಿಕೊಳ್ಳುವಂತಿದ್ದವು. ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ರೂಪುಗೊಂಡ ಬಳಿಕ ಸ್ಥಿತಿ ನಿಧಾನವಾಗಿ ಬದಲಾಗುತ್ತಿದೆ. ಬಿರ್ಲಾ ಓಪಸ್ ಬಣ್ಣದ ಕಂಪನಿ ದೇಶದಲ್ಲಿ ಸ್ಥಾಪಿಸಿದ ಆರು ಕಾರ್ಖಾನೆಗಳಲ್ಲಿ ಒಂದು ಚಾಮರಾಜನಗರದಲ್ಲಿದೆ. ಮೂವತ್ತು ಮಂದಿಯ ಮಿತಿ ದಾಟುವ ಪ್ರತಿ ಹೊಸ ಘಟಕವೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕಾಗುವುದರಿಂದ ಸ್ಥಳೀಯ ಐಟಿಐಗಳು ಈ ಪ್ರದೇಶದ ಮೇಲೆ ಕಣ್ಣಿಟ್ಟಿರುವುದು ಸೂಕ್ತ.

ಸದ್ಯಕ್ಕೆ ಊರಿನ ಸಮೀಪದಲ್ಲಿಯೇ ಸಿಗಬಹುದಾದ ಅವಕಾಶವೆಂದರೆ ಕೆಎಸ್ಆರ್‌ಟಿಸಿ. ನಿಗಮದ ಚಾಮರಾಜನಗರ ವಿಭಾಗಕ್ಕೆ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ನಂಜನಗೂಡು ಘಟಕಗಳು ಸೇರಿವೆ. ಡೀಸೆಲ್ ಮೆಕ್ಯಾನಿಕ್ ಮೊದಲಾದ ವೃತ್ತಿಗಳಲ್ಲಿ ಐಟಿಐ ಮುಗಿಸಿದವರನ್ನು ಸಾರಿಗೆ ನಿಗಮ ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುವ ವಾಡಿಕೆಯಿದೆ. ಮನೆಯಿಂದಲೇ ಡಿಪೊಗೆ ಹೋಗಿಬರಬಹುದಾದವನಿಗೆ 7,000 ರೂ. ಎಂಬುದು ಮೈಸೂರಿನ 10,000 ರೂ.ಗಳಿಗೆ ಸಮ. ಅದರಿಂದಾಚೆಗೆ ನಂಜನಗೂಡು-ತಾಂಡವಪುರ-ಕಡಕೊಳ ಸಾಲಿನ ಕಾರ್ಖಾನೆಗಳು, ಮೈಸೂರಿನ ಬಿಇಎಂಎಲ್, ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ ಇವೆ.

ಗ್ಯಾರೇಜಿನ ಹುಡುಗ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿಯೂ ಕೇರಳ ರಸ್ತೆಯಲ್ಲಿಯೂ ಸಾಲಾಗಿ ಗ್ಯಾರೇಜು, ಪಂಕ್ಚರ್ ಅಂಗಡಿ, ವೆಲ್ಡಿಂಗ್ ಶಾಪುಗಳಿವೆ. ಶಾಲೆ ಬಿಟ್ಟವರು ಮೊದಲು ಕೆಲಸ ಕಲಿಯುವ ಜಾಗ ಹಲವು ವೇಳೆ ಇಂತಹದೇ. ಮೇಸ್ತ್ರಿಯ ಕೈಕೆಳಗೆ ಸ್ಪ್ಯಾನರ್ ಎತ್ತಿಕೊಡುವುದರಿಂದ ಆರಂಭಿಸಿ ಎಂಜಿನ್ ಬಿಚ್ಚುವವರೆಗೆ ಬರಲು ವರ್ಷಗಳೇ ಬೇಕು. ಹಣವೆಂದರೆ ಊಟ, ಚಹಾ, ವಾರಕ್ಕೊಮ್ಮೆ ಕೈಗಿಡುವ ಒಂದಿಷ್ಟು. ಕಸುಬಿನ ಕಲಿಕೆಯ ದೃಷ್ಟಿಯಿಂದ ಇದು ನಿಜವಾದ ಗುರುಕುಲ. ಆದರೆ ಅಪ್ರೆಂಟಿಸ್ ಕಾಯ್ದೆಯ ಪಾಲಿಗೆ ಈ ಹುಡುಗ ಅಸ್ತಿತ್ವದಲ್ಲಿಯೇ ಇಲ್ಲ. ನಾಲ್ಕು ಮಂದಿಯೂ ಇಲ್ಲದ ಅಂಗಡಿಯು ಬಯಸಿದರೂ ಅವನನ್ನು ಅಪ್ರೆಂಟಿಸ್ ಎಂದು ನೋಂದಾಯಿಸಿಕೊಳ್ಳಲಾಗದು. ಹೀಗೆ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ 'ಪೂರ್ವ ಕಲಿಕೆಯ ಮಾನ್ಯತೆ' ಎಂಬ ಅವಕಾಶವನ್ನು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಕಲ್ಪಿಸಲಾಯಿತು. ವಿದೇಶಕ್ಕೋ ದೊಡ್ಡ ಸರ್ವಿಸ್ ಸೆಂಟರಿಗೋ ಹೋಗುವವರಿಗೆ ಆ ಕಾಗದ ಪ್ರಯೋಜನಕ್ಕೆ ಬರಬಹುದು.

ಉಳಿದ ಯೋಜನೆಗಳು

ಗ್ರಾಮೀಣ ಯುವಕರಿಗಾಗಿ 1979ರ ಆಗಸ್ಟ್ 15ರಂದು ಆರಂಭವಾದ ಟ್ರೈಸೆಂ ಯೋಜನೆ 1999ರಲ್ಲಿ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ವಿಲೀನವಾಯಿತು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಮುಂದೆ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳು ಬಂದವು. ಇಲ್ಲಿ ಊಟ, ವಸತಿ, ತರಬೇತಿ ಉಚಿತ. ಆದರೆ ಗುರಿ ಸ್ವಂತ ಉದ್ಯೋಗವೇ ಹೊರತು ನೌಕರಿಯಲ್ಲ. 2014ರ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯದು ನೌಕರಿ ಕೊಡಿಸುವ ಉದ್ದೇಶ.

ರಾಜ್ಯದ ಯುವನಿಧಿ ತರಬೇತಿ ಯೋಜನೆಯಲ್ಲ, ನಿರುದ್ಯೋಗ ಭತ್ಯೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಪದವೀಧರರಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂ. ಗರಿಷ್ಠ ಎರಡು ವರ್ಷ. ಐಟಿಐ, ಪಿಯುಸಿ ಮುಗಿಸಿದವರಿಗೆ ಇದು ಇಲ್ಲ. ಅಪ್ರೆಂಟಿಸ್ ವೇತನ ಪಡೆಯುವವರೂ ಅನರ್ಹರು. 2024ರ ಅಕ್ಟೋಬರ್ 3ರಂದು ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ಒಂದು ವರ್ಷ ತಿಂಗಳಿಗೆ 5,000 ರೂ., ಜೊತೆಗೆ ಒಂದು ಬಾರಿ 6,000 ರೂ. ನೀಡುವುದಾಗಿ ಘೋಷಿಸಲಾಯಿತು. ಆರಂಭದಲ್ಲಿ ಗೊತ್ತುಪಡಿಸಿದ ವಯೋಮಿತಿ 21ರಿಂದ 24. ಹದಿನೆಂಟಕ್ಕೆ ಓದು ಮುಗಿಸಿದವನು ಮೂರು ವರ್ಷ ಕಾಯಬೇಕಾದ ಈ ಏರ್ಪಾಡು ಹಳ್ಳಿಯ ವಾಸ್ತವಕ್ಕೆ ಹೊಂದುವಂತಹದಲ್ಲ.

ಅಗ್ಗದ ತರಬೇತಿ ಕುರಿತ ವಿವಾದ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಬ್ರಿಟನ್ 1983ರಲ್ಲಿ ಶಾಲೆ ಬಿಟ್ಟ ಹದಿನಾರರ ಮಕ್ಕಳಿಗೆ 'ಯೂತ್ ಟ್ರೈನಿಂಗ್ ಸ್ಕೀಂ' ಆರಂಭಿಸಿ ವಾರಕ್ಕೆ 25 ಪೌಂಡ್ ನೀಡಿತು. ಮಾಲೀಕರಿಗೆ ಅಗ್ಗದ ದುಡಿಮೆ ಒದಗಿಸುವ ಯೋಜನೆಯೆಂಬ ಟೀಕೆ ಅದಕ್ಕೆ ಕೊನೆಯವರೆಗೂ ಅಂಟಿಕೊಂಡಿತ್ತು. ಜರ್ಮನಿಯಲ್ಲಿಯೂ ಅಪ್ರೆಂಟಿಸ್‌ಗೆ ಸಿಗುವುದು ಪೂರ್ಣ ವೇತನವಲ್ಲ. ಆದರೆ ವಾರದ ಕೆಲವು ದಿನ ಕಾರ್ಖಾನೆ, ಕೆಲವು ದಿನ ವೃತ್ತಿಶಾಲೆ, ಕೊನೆಗೆ ದೇಶವೆಲ್ಲ ಒಪ್ಪುವ ಪರೀಕ್ಷೆ ಎಂಬ ಶಿಸ್ತು ಅಲ್ಲಿ ಬೇರೂರಿದೆ.

ಸಹಿಗೆ ಮೊದಲು

ಸೇರುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ಕರಾರು ಅಪ್ರೆಂಟಿಸ್‌ಶಿಪ್ ಜಾಲತಾಣದಲ್ಲಿ ನೋಂದಣಿಯಾಗುತ್ತದೆಯೇ ಎಂಬುದು. ಆಗುವುದಾದರೆ ನೋಂದಣಿ ಸಂಖ್ಯೆಯನ್ನೂ ಕರಾರಿನ ಪ್ರತಿಯನ್ನೂ ಪಡೆದು ಮನೆಯಲ್ಲಿಡಬೇಕು. ಕರಾರಿನಲ್ಲಿ ಬರೆದಿರುವ ವೃತ್ತಿಯ ಹೆಸರು ತಾನು ಐಟಿಐನಲ್ಲಿ ಓದಿದ ವೃತ್ತಿಯೇ ಎಂದು ನೋಡಿಕೊಳ್ಳಬೇಕು. ಫಿಟ್ಟರ್ ಓದಿದವನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರೆ ಅದನ್ನು ಪ್ರಶ್ನಿಸಲು ಇರುವ ಆಧಾರ ಆ ಒಂದು ಸಾಲು. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಬಹುದು, ಬಿಟ್ಟುಬರಬಾರದು. ತರಬೇತಿ ಕೊಡಿಸುವುದಾಗಿ ಮುಂಗಡ ಕೇಳುವ ಮಧ್ಯವರ್ತಿಗಳಿಂದ ದೂರವಿರುವುದು ಕ್ಷೇಮ. ಶಿಷ್ಯವೇತನ ಪಡೆಯಬೇಕಾದವನೇ ಹಣ ಕಟ್ಟುವುದರಲ್ಲಿ ಅರ್ಥವಿಲ್ಲ. ನಡುವೆ ಬಿಟ್ಟುಹೋದರೆ ಏನಾಗುತ್ತದೆ ಎಂಬುದನ್ನೂ ಓದಿಕೊಳ್ಳಬೇಕು. ಅಪ್ರೆಂಟಿಸ್ ತನ್ನ ತಪ್ಪಿನಿಂದ ಕರಾರು ಮುರಿದರೆ ತರಬೇತಿಯ ವೆಚ್ಚವನ್ನು ಅವನಿಂದ ಅಥವಾ ಪೋಷಕರಿಂದ ವಸೂಲು ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ಮಾಲೀಕರ ತಪ್ಪಾಗಿದ್ದರೆ ಅವರು ಪರಿಹಾರ ಕೊಡಬೇಕು.

ವ್ಯಾಜ್ಯ ಬಂದಾಗ ಅಪ್ರೆಂಟಿಸ್ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ದೂರನ್ನು ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ನೀಡಬೇಕು. ರಾಜ್ಯದಲ್ಲಿ ಇದು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ಎಲ್ಲಿ, ಯಾರಿಗೆ ಅರ್ಜಿ ಕೊಡಬೇಕೆಂಬ ಮಾಹಿತಿಗೆ ಸಮೀಪದ ಸರ್ಕಾರಿ ಐಟಿಐ ಪ್ರಾಚಾರ್ಯರನ್ನಾಗಲಿ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನಾಗಲಿ ವಿಚಾರಿಸಬಹುದು. ಸಲಹೆಗಾರರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಅದು ತಿಳಿದ ದಿನದಿಂದ 30 ದಿನಗಳೊಳಗೆ ಅಪ್ರೆಂಟಿಸ್‌ಶಿಪ್ ಮಂಡಳಿಗೆ ಮೇಲ್ಮನವಿ ಸಲ್ಲಿಸಬೇಕು.

ಅವಧಿ ಮುಗಿದ ಕೂಡಲೇ ಬೇರೆ ಕೆಲಸ ಸಿಕ್ಕಿತೆಂದು ಅಂತಿಮ ವೃತ್ತಿ ಪರೀಕ್ಷೆಯನ್ನು ಬಿಟ್ಟುಬಿಡುವವರಿದ್ದಾರೆ. ಪರೀಕ್ಷೆ ಬರೆದು ತೇರ್ಗಡೆಯಾಗದೆ ರಾಷ್ಟ್ರೀಯ ಪ್ರಮಾಣಪತ್ರ ದೊರೆಯುವುದಿಲ್ಲ. ರೈಲ್ವೆಯ ಶೇ 20ರ ಮೀಸಲಿಗೆ ಅರ್ಜಿ ಹಾಕುವಾಗ ಕೇಳುವುದು ಅದೇ ಪ್ರಮಾಣಪತ್ರವನ್ನು.